ಹದಿನೆಂಟಕ್ಕೆ ನಾಲ್ಕು ತಿಂಗಳು

ಕಾಶವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಪುಣೆಯ ಯಾವ ಕಾಲೇಜಿನಲ್ಲಿ ಓದಲು ವರ್ಷಕ್ಕೆ ಎಷ್ಟು ಬೇಕಾಗುತ್ತದೆ ಎಂದು ಯಾರಾದರೂ ಕೇಳಿದರೆ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಹೇಳಿಬಿಡುತ್ತಿದ್ದಳು. ಭವಾನಿ ಪೇಟೆಯ ಬೆಲ್ಲದ ಅಂಗಡಿಗಳ ಹಿಂದಿನ ಓಣಿಯಲ್ಲಿ ಅವಳ ಖಾನಾವಳಿ ಇತ್ತು. ಧಾರವಾಡ, ಬೆಳಗಾವಿ, ಬಿಜಾಪುರದ ಕಡೆಯಿಂದ ಓದಲು ಬಂದ ಹುಡುಗರೂ ದಲಾಲಿ ನಡೆಸುವ ಅಡತಿ ಅಂಗಡಿಗಳ ಗುಮಾಸ್ತರೂ ಸೇರಿ ಹದಿನೈದು ಮಂದಿ ಎರಡು ಹೊತ್ತು ಅಲ್ಲಿ ಉಣ್ಣುತ್ತಿದ್ದರು. ಉಣ್ಣುವವರು ಆಡುವ ಮಾತನ್ನೆಲ್ಲ ಹದಿನಾಲ್ಕು ವರ್ಷ ಕಿವಿಗೆ ಹಾಕಿಕೊಂಡು ಅವಳು ಕಾಲೇಜಿನ ವ್ಯವಹಾರ ಕಲಿತಿದ್ದಳು.

ಒಮ್ಮೆ ಗದಗಿನ ಗೃಹಸ್ಥನೊಬ್ಬ ಮಗನನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಲು ಬಂದು, ಫೀ ಕಟ್ಟಿ, ಸಮಾಧಾನದಿಂದ ಊಟಕ್ಕೆ ಕುಳಿತಿದ್ದ. ಡ್ರಾಯಿಂಗ್ ಪೆಟ್ಟಿಗೆಗೆ ರೊಕ್ಕ ಇಟ್ಟುಕೊಂಡಿದ್ದೀರಾ ಎಂದು ಕಾಶವ್ವ ಕೇಳಿದಳು. ಅಂಥದ್ದೊಂದು ಪೆಟ್ಟಿಗೆ ಬೇಕು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಆಚೆ ವರ್ಷ ಪಾಸಾದ ಹುಡುಗನ ಹಳೆಯ ಪೆಟ್ಟಿಗೆಯನ್ನು ಅರ್ಧ ಬೆಲೆಗೆ ಕೊಡಿಸಿದವಳೂ ಅವಳೇ. ಯಾವ ಮಠದ ನಿಧಿ ಯಾರಿಗೆ ಸಹಾಯ ಮಾಡುತ್ತದೆ, ಅರ್ಜಿ ಯಾವ ತಿಂಗಳು ಹಾಕಬೇಕು, ಯಾವ ಕಾಗದ ಇಲ್ಲದಿದ್ದರೆ ತಿರುಗಿ ಕಳಿಸುತ್ತಾರೆ, ಎಲ್ಲ ಅವಳಿಗೆ ತಿಳಿದಿತ್ತು. ಅವಳ ಮಾತು ಕೇಳಿ ವಿದ್ಯಾರ್ಥಿವೇತನ ಪಡೆದವರಲ್ಲಿ ಈಗ ಒಬ್ಬ ವಕೀಲ, ಇಬ್ಬರು ಮಾಸ್ತರರು, ಒಬ್ಬ ಓವರ್‌ಸೀಯರ್ ಆಗಿದ್ದರು.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಅವಳ ಮಗಳು ಶಿವಬಸವ್ವ ಮೆಟ್ರಿಕ್ ಪರೀಕ್ಷೆಗೆ ಕುಳಿತಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷು ಎಂದು ಮೂರು ಭಾಷೆಯಲ್ಲಿ ಬೆಳೆದ ಹುಡುಗಿ. ಅವಳಿಗೆ ವಿಜ್ಞಾನ ಓದಿ ಆಮೇಲೆ ಡಾಕ್ಟರಳಾಗುವ ಆಸೆ ಇತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ತಾಯಿಗೆ ಒಂದು ಸಲ ಸಾಕಾಗಿತ್ತು.

ಮೊದಲ ವರ್ಷಕ್ಕೆ ಎರಡು ಟರ್ಮಿನ ಫೀ, ಪ್ರಯೋಗಶಾಲೆಯ ಫೀ, ಪುಸ್ತಕ, ಪರೀಕ್ಷೆಯ ಫೀ ಎಲ್ಲ ಸೇರಿ ನೂರಾ ಎಂಬತ್ತು ರೂಪಾಯಿ ಬೇಕು ಎಂದು ಕಾಶವ್ವ ಅಂದಾಜು ಹಾಕಿದಳು. ಊಟ, ವಸತಿ ಮನೆಯಲ್ಲೇ. ದಿನಾ ಲಕಡಿ ಪೂಲೆಂಬ ಸೇತುವೆ ದಾಟಿ ಕಾಲೇಜಿಗೆ ನಡೆದೇ ಹೋಗಬಹುದು. ಹೀಗೆ ಹಿಂಡಿ ಹಿಂಡಿ ಇಳಿಸಿದರೂ ನೂರಾ ಎಂಬತ್ತಕ್ಕಿಂತ ಕೆಳಗೆ ಅದು ಇಳಿಯಲಿಲ್ಲ. ಖಾನಾವಳಿಯಲ್ಲಿ ವರ್ಷಕ್ಕೆ ಅದರ ಅರ್ಧವೂ ಉಳಿಯುತ್ತಿರಲಿಲ್ಲ. ಅವಳಿಗೆ ಅಂಜಿಕೆಯಾಗಲಿಲ್ಲ. ಇಷ್ಟು ಜನರಿಗೆ ದಾರಿ ತೋರಿಸಿದ್ದೇನೆ, ನನ್ನ ಮಗಳಿಗೊಂದು ಸಿಗದೇ ಹೋದೀತೆ ಎಂದುಕೊಂಡಳು.

ಒಂದೊಂದೇ ಬಾಗಿಲು ಮುಚ್ಚತೊಡಗಿದ್ದು ಚೈತ್ರದಲ್ಲಿ. ಮಠದ ನಿಧಿ ಬೋರ್ಡಿಂಗಿನಲ್ಲಿ ಇರುವ ಗಂಡು ಹುಡುಗರಿಗೆ ಮಾತ್ರ. ಶನಿವಾರ ಪೇಟೆಯ ಹೆಣ್ಣುಮಕ್ಕಳ ಸಂಸ್ಥೆಯೊಂದು ಸಹಾಯ ಮಾಡುತ್ತಿತ್ತು, ಆದರೆ ತಂದೆಯ ಒಪ್ಪಿಗೆಪತ್ರ ಬೇಕೆಂದಿತು. ನಾದಾರಿ, ಅಂದರೆ ಬಡ ಮಕ್ಕಳಿಗೆ ಕೊಡುವ ಫೀ ಮಾಫಿಗೆ, ತಂದೆಯ ಆದಾಯದ ದಾಖಲೆ ಕೇಳಿದರು. ತಂದೆಯ ಹೆಸರಿನಲ್ಲಿ ಇಪ್ಪತ್ತೆರಡು ಎಕರೆ ಎರೆಹೊಲವಿತ್ತು.

ಆ ತಂದೆ ಹೊಳಬಸಪ್ಪ ಬೈಲಹೊಂಗಲದ ಕಡೆಯ ಒಂದು ಹಳ್ಳಿಯಲ್ಲಿದ್ದ. ಹೆಣ್ಣು ಹಡೆದಳು, ಮುಂದೆ ಹಡೆಯಲಿಲ್ಲ ಎಂದು ಕಾಶವ್ವನ ಮೇಲೆ ಇನ್ನೊಬ್ಬಳನ್ನು ತಂದಿದ್ದ. ಮೂರು ವರ್ಷದ ಕೂಸನ್ನು ಕಟ್ಟಿಕೊಂಡು ಅವಳು ಪುಣೆಯಲ್ಲಿದ್ದ ಚಿಗವ್ವನ ಒಲೆಗೆ ಬಂದು ಸೇರಿದ್ದಳು. ಆ ಚಿಗವ್ವ ತೀರಿಕೊಂಡ ಮೇಲೆ ಒಲೆ ಇವಳದಾಯಿತು. ಅಲ್ಲಿಂದ ಇಲ್ಲಿಯವರೆಗೆ ಹೊಳಬಸಪ್ಪನಿಂದ ಒಂದು ಸೇರು ಜೋಳ ಬಂದಿರಲಿಲ್ಲ, ಒಂದು ಕಾರ್ಡೂ ಬಂದಿರಲಿಲ್ಲ.

ಕಾಶವ್ವ ಅವನ ಹತ್ತಿರ ಹೋದಳು. ಫಲಿತಾಂಶ ಬರುವ ಮೊದಲೇ ಕಾಗದ ಕೈಯಲ್ಲಿರಬೇಕು ಎಂಬುದು ಅವಳು ಎಲ್ಲರಿಗೂ ಹೇಳುತ್ತಿದ್ದ ಬುದ್ಧಿವಾದ. ಒಲೆಯನ್ನು ಮಗಳಿಗೆ ಒಪ್ಪಿಸಿ, ಮೇ ತಿಂಗಳ ಬಿಸಿಲಿನಲ್ಲಿ ರೈಲು, ಬಸ್ಸು, ಕೊನೆಗೆ ಕಾಲುನಡಿಗೆಯಲ್ಲಿ ಊರು ಮುಟ್ಟಿದಳು. ಹೊಳಬಸಪ್ಪ ಒಳಗೆ ಕರೆಯಲಿಲ್ಲ. ಕಟ್ಟೆಯ ಮೇಲೆ ಕೂಡಿಸಿ ನೀರು ಕೊಡಿಸಿದ. ಎಲ್ಲ ಕೇಳಿದ ಮೇಲೆ, ಸಿಟ್ಟಿಲ್ಲದ ದನಿಯಲ್ಲಿ, ಹೆಣ್ಣುಹುಡುಗಿಯನ್ನು ಗಂಡಸರ ನಡುವೆ ಕೂಡಿಸಲು ತಾನು ಸಹಿ ಹಾಕುವುದಿಲ್ಲ, ಮದುವೆ ಮಾಡುವುದಾದರೆ ಕರೆದುಕೊಂಡು ಬಾ ಎಂದ. ಅವಳು ಮತ್ತೊಂದು ಸಲ ಕೇಳಿಕೊಂಡಳು. ಅವನು ಎದ್ದು ಎತ್ತುಗಳಿಗೆ ನೀರು ಕುಡಿಸಲು ಹೋದ.

ಜೂನ್ ಮೊದಲ ವಾರ ಫಲಿತಾಂಶ ಬಂತು. ಶಿವಬಸವ್ವ ತನ್ನ ಶಾಲೆಗೆ ಎರಡನೆಯವಳಾಗಿದ್ದಳು. ಅಂದು ಖಾನಾವಳಿಯಲ್ಲಿ ಹೋಳಿಗೆ ಮಾಡಿದರು. ಉಂಡವರೆಲ್ಲ ಹುಡುಗಿಯನ್ನು ಹೊಗಳಿದರು.

ಉಳಿದಿದ್ದು ಒಂದೇ ನಿಧಿ. ಬೆಲ್ಲದ ವ್ಯಾಪಾರಿಗಳು ಕೂಡಿ ಮಾಡಿದ ಅದರಿಂದ ವರ್ಷಕ್ಕೆ ಇಬ್ಬರಿಗೆ ಪೂರ್ತಿ ಖರ್ಚು ಸಿಗುತ್ತಿತ್ತು. ಇಂಜಿನಿಯರಿಂಗ್ ಓದುತ್ತಿದ್ದ ರಾಮಲಿಂಗಪ್ಪ ಎಂಬ ಹುಡುಗ ಅದೇ ನಿಧಿಯ ನೆರವಿನಿಂದ ಮೂರನೆಯ ವರ್ಷಕ್ಕೆ ಬಂದಿದ್ದ. ಕಾಶವ್ವ ಅವನಿಂದ ನಿಯಮಗಳ ಕಾಗದವನ್ನು ಮೂರು ಸಲ ಓದಿಸಿದಳು. 'ತಂದೆಯಿಲ್ಲದ ಬಡ ಮಕ್ಕಳಿಗೆ' ಎಂದು ಅದರಲ್ಲಿತ್ತು.

ಮಕ್ಕಳು ಅಂತ ಅದನೋ, ಹುಡುಗರು ಅಂತ ಅದನೋ ಎಂದು ಅವಳು ಕೇಳಿದಳು. ಮಕ್ಕಳು ಎಂದೇ ಇದೆ ಎಂದ. ಹಾಗಿದ್ದರೆ ಹುಡುಗಿ ಎಂದು ಬೇಡ ಅನ್ನಲು ಬರುವುದಿಲ್ಲ. ಅಡ್ಡ ಬರುವುದು ತಂದೆಯಿಲ್ಲದ ಎಂಬ ಮೊದಲನೆಯ ಮಾತು ಮಾತ್ರ.

ಮರುದಿನ ಮಧ್ಯಾಹ್ನ ಉಣ್ಣುವವರೆಲ್ಲ ಹೋದ ಮೇಲೆ ಕಾಶವ್ವ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕುಳಿತು ಎರಡೂ ಕೈಯ ಬಳೆಗಳನ್ನು ಒಡೆದುಕೊಂಡಳು. ತಾಳಿ ಬಿಚ್ಚಿ ಸೆರಗಿನ ಗಂಟಿಗೆ ಹಾಕಿದಳು. ಹಣೆ ತೊಳೆದು ಬರೀ ವಿಭೂತಿ ಹಚ್ಚಿಕೊಂಡಳು. ಸಪ್ಪಳ ಕೇಳಿ ಹೊರಗೆ ಬಂದ ಶಿವಬಸವ್ವನಿಗೆ ಮೊದಲು ಏನೂ ತಿಳಿಯಲಿಲ್ಲ. ಊರಿನಿಂದ ಸುದ್ದಿ ಬಂದಿದೆಯೆಂದೇ ಅಂದುಕೊಂಡಳು. ತಿಳಿದ ಮೇಲೆ ಅವಳು ತಾಯಿಯ ಕೈ ಹಿಡಿದುಕೊಂಡು, ನನಗೆ ಕಾಲೇಜು ಬೇಡ, ಇದು ಸುಳ್ಳು ಎಂದಳು.

"ಅಂವ ನಮ್ಮ ಪಾಲಿಗೆ ಸತ್ತು ಹದಿನಾಕ ವರ್ಷ ಆತು," ಎಂದಳು ಕಾಶವ್ವ. "ಬಳಿ ಒಡಕೊಳ್ಳಾಕ ನಾನ ತಡಾ ಮಾಡೀನಿ, ಅಷ್ಟ."

ಅರ್ಜಿ ಬರೆದವನು ರಾಮಲಿಂಗಪ್ಪ. ಅವನ ಊರು ಹೊಳಬಸಪ್ಪನ ಊರಿನಿಂದ ಆರು ಮೈಲಿ. ಹೊಳಬಸಪ್ಪ ಬದುಕಿರುವುದು ಅವನಿಗೆ ಗೊತ್ತಿತ್ತು. ತಂದೆಯ ಹೆಸರಿನ ಹಿಂದೆ 'ಲಿಂಗೈಕ್ಯ' ಎಂದು ಬರೆಯುವಾಗ ಅವನು ಲೇಖಣಿಯನ್ನು ಒಮ್ಮೆ ಕೆಳಗಿಟ್ಟ. ಎರಡು ವರ್ಷ ತನ್ನ ತಾಟಿಗೆ ತುಪ್ಪ ಬಡಿಸಿದ ಕೈ ಈಗ ಬರಿದಾಗಿ ಎದುರಿಗಿತ್ತು. ಅವನು ಬರೆದ.

ನಿಧಿಯ ಕಾರ್ಯದರ್ಶಿ ಕಾಂತಪ್ಪ ವಕೀಲ. ಹತ್ತು ವರ್ಷದ ಹಿಂದೆ ಅವನೂ ಕಾಶವ್ವನ ಖಾನಾವಳಿಯಲ್ಲಿ ಉಂಡು ಓದಿದವನು. ಅರ್ಜಿದಾರರನ್ನು ಅಡತಿ ಅಂಗಡಿಯೊಂದರ ಮಾಳಿಗೆಗೆ ಕರೆಸಿದ್ದರು. ಕಾಶವ್ವ ಮಗಳೊಡನೆ ಒಳಗೆ ಬಂದಾಗ ಕಾಂತಪ್ಪ ಅವಳ ಹಣೆ ನೋಡಿ ಎದ್ದು ನಿಂತ.

"ಯಾವಾಗ ಆತ್ರಿ ಅಕ್ಕಾರ?" ಎಂದ.

"ದವನದ ಹುಣ್ಣಿವಿ ಹಿಂದ್ರಿ. ನನಗ ಸುದ್ದಿ ಮೊನ್ನೆ ಬಂತ್ರಿ."

ಶಿವಬಸವ್ವ ನೆಲ ನೋಡುತ್ತ ನಿಂತಿದ್ದಳು. ಅದನ್ನು ಅವರು ದುಃಖ ಎಂದುಕೊಂಡರು. ಕಾಂತಪ್ಪ ಸತ್ತವನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಬ್ಬ ವ್ಯಾಪಾರಿ ಹುಡುಗಿಗೆ ಯಾಕೆ ಎಂದು ತಕರಾರು ತೆಗೆದಾಗ, ನಿಯಮದಲ್ಲಿ ಮಕ್ಕಳು ಎಂದಿದೆ ಎಂದು ಓದಿ ತೋರಿಸಿದವನು ಅವನೇ. ಒಂದು ತಾಸಿನೊಳಗೆ ಮಂಜೂರಾಯಿತು.

ಆಮೇಲಿನ ಐದಾರು ವಾರ ಆ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ, ಆದರೆ ಇಬ್ಬರೂ ಸುಖವಾಗಿದ್ದರು. ಶಿವಬಸವ್ವ ಬೆಳಗಿನ ರೊಟ್ಟಿ ಬಡಿದಿಟ್ಟು, ಮಳೆಯಲ್ಲಿ ಸೀರೆಯ ಅಂಚು ಎತ್ತಿ ಹಿಡಿದು ಕಾಲೇಜಿಗೆ ನಡೆಯುತ್ತಿದ್ದಳು. ಸಂಜೆ ಅವಳ ಕೈಗೆ ಪ್ರಯೋಗಶಾಲೆಯ ವಾಸನೆ ಇರುತ್ತಿತ್ತು. ನೂರು ಜನರ ತರಗತಿಯಲ್ಲಿ ನಾಲ್ಕೇ ಹೆಣ್ಣುಮಕ್ಕಳು. ಕಪ್ಪೆಯನ್ನು ಕೊಯ್ದು ಅದರ ಹೃದಯ ಇನ್ನೂ ಬಡಿಯುತ್ತಿರುವುದನ್ನು ತೋರಿಸಿದರು ಎಂದು ಒಂದು ದಿನ ಅವಳು ಹೇಳಿದಾಗ, ಕಾಶವ್ವ ಛೀ ಎಂದಳು. ಆಮೇಲೆ, ಎಷ್ಟು ಹೊತ್ತು ಬಡಿಯಿತು ಎಂದು ಕೇಳಿದಳು.

ಅವರಿಗೆ ಗೊತ್ತಿಲ್ಲದಂತೆ ಒಂದು ಪತ್ರ ಊರಿಗೆ ಹೋಗಿತ್ತು. ತಂದೆಯಿಲ್ಲದ ಹುಡುಗಿಗೆ ನೆರವು ಕೊಡುವಾಗ ತಂದೆಯ ಕಡೆಯ ಹಿರಿಯರಿಂದ ಒಂದು ಸಮ್ಮತಿ ಇದ್ದರೆ ನಾಳೆ ಯಾರೂ ತಕರಾರು ಮಾಡುವುದಿಲ್ಲ ಎಂದು ಕಾಂತಪ್ಪನಿಗೆ ಅನಿಸಿತ್ತು. ಗಂಡನನ್ನು ಕಳೆದುಕೊಂಡ ಹೆಂಗಸನ್ನು ಇಷ್ಟಕ್ಕಾಗಿ ಓಡಾಡಿಸುವುದು ಬೇಡ ಎಂದು ತಾನೇ ಬರೆದಿದ್ದ. ಲಿಂಗೈಕ್ಯ ಹೊಳಬಸಪ್ಪನವರ ಅಣ್ಣಂದಿರಿಗೆ ಶರಣು, ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದು ಪತ್ರ ಆರಂಭವಾಗುತ್ತಿತ್ತು. ಹೊಳಬಸಪ್ಪನ ಅಣ್ಣನಿಗೆ ಓದಲು ಬರುತ್ತಿರಲಿಲ್ಲ. ಊರ ಶಾಲೆಯ ಮಾಸ್ತರ ಅದನ್ನು ಗುಡಿಯ ಕಟ್ಟೆಯ ಮೇಲೆ ಹತ್ತು ಜನರ ಎದುರು ಗಟ್ಟಿಯಾಗಿ ಓದಿದ. ಆ ಹತ್ತು ಜನರಲ್ಲಿ ಹೊಳಬಸಪ್ಪನೂ ಇದ್ದ.

ಶ್ರಾವಣದ ಮೊದಲ ವಾರ ಅವನು ಪುಣೆಗೆ ಬಂದ. ಖಾನಾವಳಿಗೆ ಬರುವ ಮೊದಲು ಕಾಂತಪ್ಪನ ಮನೆಗೆ ಹೋಗಿ ತಾನು ಯಾರು ಎಂದು ಹೇಳಿದ್ದ. ಸಂಜೆ ಇಬ್ಬರೂ ಕೂಡಿ ಕಾಶವ್ವನ ಬಾಗಿಲಿಗೆ ಬಂದರು. ಶಿವಬಸವ್ವ ಕಾಲೇಜಿನಿಂದ ಆಗಷ್ಟೇ ಬಂದಿದ್ದಳು. ಒಳಗೆ ಬಂದವನು ಬಿಳಿಯ ಧೋತರ, ರುಮಾಲು, ಹೆಗಲ ಮೇಲೆ ಮಡಿಕೆ ಹಾಕಿದ ಶಲ್ಯದ ಗಂಡಸು. ಅವಳಿಗೆ ತಂದೆಯ ಮುಖ ನೆನಪಿರಲಿಲ್ಲ. ತಾಯಿ ಗೋಡೆಗೆ ಆತುಕೊಂಡಿದ್ದನ್ನು ನೋಡಿ ತಿಳಿದುಕೊಂಡಳು.

ಹೊಳಬಸಪ್ಪ ಕೂಗಾಡಲಿಲ್ಲ. ಚಾಪೆಯ ಮೇಲೆ ಕುಳಿತು, ಕಾಶವ್ವನ ಬರಿಯ ಕೈಗಳನ್ನು ನೋಡಿದ.

"ಮಾಸ್ತರ ಪತ್ರ ಓದಿದ ಮ್ಯಾಲೆ ನನ್ನ ಸಣ್ಣ ಮಗ ಮನಿಗೆ ಓಡಿ ಹೋಗಿ, ಅಪ್ಪ ಸತ್ತಾನಂತ ಅಂತ ಅಳಕೋತ ಹೇಳ್ಯಾನ," ಎಂದ. "ಅವರವ್ವ ಎಚ್ಚರ ತಪ್ಪಿ ಬಿದ್ದಳು. ಮನಿಯೊಳಗ ಇನ್ನೂ ಆಕಿ ನನ್ನ ಮೈ ಮುಟ್ಟಿ ಮುಟ್ಟಿ ನೋಡತಾಳ."

ಆ ಎರಡನೆಯ ಹೆಂಗಸಿನ ಹೆದರಿಕೆ ಕಾಶವ್ವನ ಲೆಕ್ಕದಲ್ಲಿ ಎಂದೂ ಬಂದಿರಲಿಲ್ಲ.

ಕಾಂತಪ್ಪನ ಮುಖ ಕಪ್ಪಿಟ್ಟಿತ್ತು. ತಾನು ಆ ಪತ್ರ ಬರೆಯಬಾರದಿತ್ತು ಎಂದು ಅವನು ಹೇಳಿದ. ನಿಧಿಯ ವ್ಯಾಪಾರಿಗಳು ಸುಳ್ಳು ಬರೆದುಕೊಟ್ಟು ಹಣ ಪಡೆದವರನ್ನು ಪೊಲೀಸರಿಗೆ ಒಪ್ಪಿಸಬೇಕು ಎನ್ನುತ್ತಿದ್ದಾರೆ. ಹೊಳಬಸಪ್ಪ ತಕರಾರು ಇಲ್ಲ ಎಂದು ಬರೆದುಕೊಟ್ಟರೆ, ಕೊಟ್ಟ ಹಣವನ್ನು ತಿರುಗಿ ಪಡೆದು ಸುಮ್ಮನಾಗುವಂತೆ ತಾನು ಅವರನ್ನು ಒಪ್ಪಿಸಬಲ್ಲೆ. ಹೊಳಬಸಪ್ಪ ಬರೆದುಕೊಡಲು ಸಿದ್ಧ, ಆದರೆ ಮಗಳು ಅವನೊಡನೆ ಊರಿಗೆ ಹೋಗಬೇಕು.

ಹುಡುಗಿ ವಯಸ್ಸಿಗೆ ಬಂದಿದ್ದಾಳಲ್ಲ, ಅವಳ ಮನಸ್ಸಿಗೆ ಬಂದಂತೆ ಇರಬಹುದಲ್ಲ ಎಂದು ಕಾಶವ್ವ ಕೇಳಿದಳು. ಕಾಂತಪ್ಪ ಶಾಲೆಯ ದಾಖಲೆಯಲ್ಲಿದ್ದ ಹುಟ್ಟಿದ ತಾರೀಖು ನೋಡಿಕೊಂಡೇ ಬಂದಿದ್ದ. ನವೆಂಬರ್ ಇಪ್ಪತ್ತಕ್ಕೆ ಹದಿನೆಂಟು ತುಂಬುತ್ತದೆ.

"ಇನ್ನ ನಾಕ ತಿಂಗಳಾ ಕಮ್ಮಿ ಅದ್ರಿ ಅಕ್ಕಾರ," ಎಂದ. "ಅಲ್ಲೀತನಕಾ ಕಾಯ್ದೆ ತಂದಿ ಮಾತ ಕೇಳತದ."

ಅರ್ಜಿ ಬರೆದವರು ಯಾರು ಎಂದೂ ಅವನು ಕೇಳಿದ. ಬೀದಿಯಲ್ಲಿ ಕುಳಿತು ಬರೆದುಕೊಡುವ ಒಬ್ಬ ಗುಮಾಸ್ತ, ಹೆಸರು ಗೊತ್ತಿಲ್ಲ ಎಂದಳು ಕಾಶವ್ವ. ಊಟಕ್ಕೆ ಬಂದಿದ್ದ ರಾಮಲಿಂಗಪ್ಪ ಅಂಗಳದಲ್ಲೇ ನಿಂತು ಇದನ್ನು ಕೇಳಿಸಿಕೊಂಡ. ಅವನು ಒಳಗೆ ಬರಲಿಲ್ಲ. ಮರುದಿನದಿಂದ ಬೇರೆ ಕಡೆ ಉಣ್ಣಲು ಹೋದ.

ಶಿವಬಸವ್ವ ಅಷ್ಟು ಹೊತ್ತೂ ಕಾಲೇಜಿನ ಪುಸ್ತಕಗಳನ್ನು ಎದೆಗೆ ಅವಚಿಕೊಂಡೇ ನಿಂತಿದ್ದಳು. ಈಗ ಅವನ್ನು ಗೂಡಿನಲ್ಲಿಟ್ಟು ತಾಯಿಯ ಹತ್ತಿರ ಬಂದಳು.

"ನಾ ಹೋಗತೇನಿ ಯವ್ವಾ. ನೀ ಜೇಲಿನ್ಯಾಗ ಇದ್ರ ನಾ ಯಾವ ಬಾಯಿಲೆ ಪಾಠಾ ಓದಲಿ?"

ಕಾಶವ್ವ ಹೊಳಬಸಪ್ಪನ ಕಾಲು ಹಿಡಿದಳು. ಮಗಳೇ ಅವಳನ್ನು ಎಬ್ಬಿಸಿದಳು. ಮರುದಿನ ಬೆಳಗಿನ ಗಾಡಿಗೆ ತಂದೆ ಮಗಳು ಹೊರಟರು. ಗಾಡಿ ಬಿಡುವ ಮೊದಲು ಕಾಶವ್ವ ಕಿಟಕಿಯ ಹತ್ತಿರ ಬಂದು, ನಾಲ್ಕು ತಿಂಗಳು ತಾಳಿಕೋ, ಹದಿನೆಂಟು ತುಂಬಿದ ದಿನ ನಾನು ಅಲ್ಲಿರುತ್ತೇನೆ, ಆಮೇಲೆ ಯಾವ ಕಾಯ್ದೆಯೂ ನಿನ್ನನ್ನು ಹಿಡಿಯುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ಮಗಳು ಹೂಂ ಎಂದಳು.

ಆ ನಾಲ್ಕು ತಿಂಗಳು ಕಾಶವ್ವ ತೇಯ್ದಳು. ನಿಧಿಯ ಹಣ ತಿರುಗಿ ಕೊಡಲು ಹಿತ್ತಾಳೆ ಹಂಡೆ, ಕೊಪ್ಪರಿಗೆ ಮಾರಿದಳು. ಹದಿನೈದು ಮಂದಿಯಲ್ಲಿ ಆರು ಮಂದಿ ಊಟ ಬಿಟ್ಟರು. ಗಂಡ ಬದುಕಿರುವಾಗ ಬಳೆ ಒಡೆದುಕೊಂಡವಳ ಕೈಯ ಅನ್ನ ಬೇಡ ಎಂದು ಕೆಲವರು, ಯಾಕೆ ಎಂದು ಹೇಳದೆಯೇ ಕೆಲವರು. ಓಣಿಯ ಹೆಂಗಸರು ಗಂಡ ಗಟ್ಟಿಮುಟ್ಟಾಗಿದ್ದಾನೆ, ಕುಂಕುಮ ಹಚ್ಚಿಕೋ ಎಂದು ಬುದ್ಧಿ ಹೇಳಿದರು. ಅವಳು ಹಚ್ಚಿಕೊಳ್ಳಲಿಲ್ಲ. ಕಾಲೇಜಿನ ಆಫೀಸಿಗೆ ಹೋಗಿ, ಮಗಳಿಗೆ ಮೈಯಲ್ಲಿ ಆರಾಮಿಲ್ಲ, ಊರಿಗೆ ಹೋಗಿದ್ದಾಳೆ, ಹೆಸರು ತೆಗೆಯಬೇಡಿ ಎಂದು ತನಗೆ ಬಂದ ಮರಾಠಿಯಲ್ಲಿ ಕೇಳಿಕೊಂಡಳು. ಎರಡನೆಯ ಟರ್ಮಿನ ಫೀ ಮುಂಚಿತವಾಗಿ ಕಟ್ಟಿದರೆ ಹೆಸರು ಉಳಿಯುತ್ತದೆ, ಹಿಂದೆ ಬಿದ್ದ ಪಾಠ ಅವಳೇ ಓದಿಕೊಳ್ಳಬೇಕು ಎಂದು ಅಲ್ಲಿನ ಗುಮಾಸ್ತ ಹೇಳಿದ. ಅವಳು ಕಿವಿಯ ಬೆಂಡೋಲೆ ಮಾರಿ ಕಟ್ಟಿದಳು. ಅವರು ಕೊಟ್ಟ ಪಾವತಿ ಚೀಟಿಯನ್ನು ಮಡಿಸಿ ಸೊಂಟದ ಚೀಲದಲ್ಲಿ ಇಟ್ಟುಕೊಂಡಳು.

ಹದಿನೆಂಟು ತುಂಬಿದ ದಿನ ಊರಿನಲ್ಲಿ ಇರಬೇಕೆಂದು ಅವಳು ನವೆಂಬರ್ ಹತ್ತೊಂಬತ್ತಕ್ಕೇ ಗಾಡಿ ಹತ್ತಿದಳು. ಮರುದಿನ ಮಧ್ಯಾಹ್ನ ಹೊಳಬಸಪ್ಪನ ಮನೆಯ ಮುಂದೆ ನಿಂತಾಗ ಬಾಗಿಲ ಮುಂದಿನ ಹಂದರ ಇನ್ನೂ ಬಿಚ್ಚಿರಲಿಲ್ಲ. ಅದರ ಮಾವಿನ ಎಲೆ ಒಣಗಿ ಸುರುಳಿಯಾಗಿದ್ದವು.

ಒಳಗಿನಿಂದ ಬಂದವಳು ಹೊಳಬಸಪ್ಪನ ಎರಡನೆಯ ಹೆಂಡತಿ ಬಸವಣ್ಣೆವ್ವ. ಕಾಶವ್ವನನ್ನು ಅವಳು ಜಗಳವಿಲ್ಲದೆ ಒಳಗೆ ಕರೆದಳು. ತುಳಸಿ ಲಗ್ನ ಮುಗಿದ ಮೂರನೆಯ ದಿನ ಶಿವಬಸವ್ವನ ಮದುವೆ ಆಯಿತು ಎಂದಳು. ಹುಡುಗ ತನ್ನ ತವರಿನ ಕಡೆಯವನು, ಮೊದಲನೆಯ ಹೆಂಡತಿ ತೀರಿಕೊಂಡಿದ್ದಾಳೆ, ಒಂದು ಕೂಸಿದೆ, ಹೊಲಮನೆಗೆ ಕಡಿಮೆ ಇಲ್ಲ. ಹೆಣ್ಣಿನ ತಾಯಿಗೆ ಹೇಳಿ ಕಳಿಸಬೇಕಿತ್ತು ಎಂದು ತಾನು ಅಂದೆ, ಕೇಳಲಿಲ್ಲ ಎಂದಳು. ಮಗಳು ಗಂಡನ ಮನೆಯಿಂದ ನಿನ್ನೆಯಷ್ಟೇ ತಿರುಗಿ ಬಂದಿದ್ದಳು, ನಾಳೆ ಮತ್ತೆ ಹೋಗುವವಳು.

ಶಿವಬಸವ್ವ ಅಡಿಗೆಮನೆಯ ಕಡೆಯಿಂದ ಬಂದಳು. ತಲೆಯ ಮೇಲೆ ಸೆರಗು, ಕೈತುಂಬ ಹಸಿರು ಬಳೆ, ಸೊಂಟದ ಮೇಲೆ ಎರಡು ವರ್ಷದ ಪರರ ಕೂಸು. ತಾಯಿಯನ್ನು ನೋಡಿ ಅವಳು ಅಳಲಿಲ್ಲ. ಕೂಸನ್ನು ಇಳಿಸಿ ಎದುರಿಗೆ ಕುಳಿತಳು. ಕೂಸು ಕಾಶವ್ವನ ಬಟ್ಟೆಗಂಟು ಬಿಚ್ಚಲು ನೋಡುತ್ತಿತ್ತು.

ಈಗಲೂ ಬಾ, ಗಾಡಿ ಸಂಜೆಗಿದೆ ಎಂದಳು ಕಾಶವ್ವ. ಶಿವಬಸವ್ವ ತಲೆ ಅಲ್ಲಾಡಿಸಿದಳು. ನಿಧಿಯವರಿಗೆ ಬರೆದುಕೊಟ್ಟ ತಕರಾರು ಇಲ್ಲವೆಂಬ ಕಾಗದವನ್ನು ತಂದೆ ಯಾವಾಗ ಬೇಕಾದರೂ ತಿರುಗಿ ಪಡೆಯುತ್ತೇನೆ ಎಂದು ಹೇಳಿಯೇ ತನ್ನನ್ನು ಹಸೆಗೆ ಕೂಡಿಸಿದ್ದು ಎಂದಳು. ಅದು ನಿಜವಾಗಿ ಆಗುವ ಮಾತೋ ಬರಿ ಬೆದರಿಕೆಯೋ ತನಗೆ ತಿಳಿಯಲಿಲ್ಲ, ಕೇಳಲು ಇಲ್ಲಿ ಯಾರೂ ಇರಲಿಲ್ಲ. ಈಗ ಗಂಡನೂ ಇದ್ದಾನೆ, ಅವನ ಕಾಯ್ದೆಯೂ ಇದೆ.

ಕೂಸಿನ ಕೈಯಿಂದ ಗಂಟು ಬಿಡಿಸಿ ಅವಳು ಕೇಳಿದಳು.

"ಕಾಲೇಜಿನ್ಯಾಗ ನನ್ನ ಹೆಸರು ತಗದಾರೇನ ಯವ್ವಾ?"

ಕಾಶವ್ವನ ಕೈ ಸೊಂಟದ ಚೀಲದ ಮೇಲಿತ್ತು.

"ಹೂಂ," ಎಂದಳು. "ನೀ ಹೋದ ವಾರಾನ ತಗದ್ರು."

"ಛಲೋ ಆತ ಬಿಡು," ಎಂದಳು ಶಿವಬಸವ್ವ. ಬೇಡುವವರಂತೆ ತಾಯಿಯ ಮುಖವನ್ನೇ ನೋಡುತ್ತಿದ್ದ ಅವಳ ಕಣ್ಣು ಆಗ ಕೆಳಗಾದವು.

ಬಸವಣ್ಣೆವ್ವ ಊಟಕ್ಕೆ ಏಳಿರಿ ಎಂದಳು. ಕಾಶವ್ವ ಎದ್ದು ಕೈಕಾಲು ತೊಳೆದಳು. ಮಗಳು ಬಡಿಸಿದ್ದನ್ನು ಪೂರ್ತಿ ಉಂಡಳು, ಒಂದು ಅಗುಳೂ ಬಿಡಲಿಲ್ಲ. ಹೊತ್ತು ಇಳಿಯುವ ಮೊದಲು ಬಸ್ಸಿನ ರಸ್ತೆ ಮುಟ್ಟಬೇಕಿತ್ತು. ಹಂದರದವರೆಗೆ ಬಂದ ಶಿವಬಸವ್ವನನ್ನು ಕೂಸು ಅಳುತ್ತ ಒಳಗೆ ಕರೆಯಿತು, ಅವಳು ಹೋದಳು.